ಕೆಮ್ಮಣ್ಣುಗುಂಡಿಯಲ್ಲಿ ಒಂದು ರಾತ್ರಿ: ಉಲ್ಕೆ, ಧೂಮಕೇತು ಮತ್ತು ವಿದ್ಯಾರ್ಥಿವೇತನ

(ಟ್ರಸ್ಟಿನ ವಾರ್ಷಿಕ ಸಭೆ ಹಾಗೂ ವಿದ್ಯಾರ್ಥಿವೇತನ ವಿತರಣಾ ಸಮಾರಂಭದಲ್ಲಿ ನಿವೃತ್ತ ಪ್ರೌಢಶಾಲಾ ವಿಜ್ಞಾನ ಶಿಕ್ಷಕಿಯೊಬ್ಬರು ಮಾಡಿದ ಭಾಷಣ)





ಕಾರ್ಯದರ್ಶಿಗಳು ಫೋನ್ ಮಾಡಿ, “ಟೀಚರ್, ಶಿಕ್ಷಣದ ಮಹತ್ವದ ಬಗ್ಗೆ ಇಪ್ಪತ್ತು ನಿಮಿಷ ಮಾತಾಡಿ” ಎಂದರು. ಶಿಕ್ಷಣದ ಮಹತ್ವ ಗೊತ್ತಿಲ್ಲದಿದ್ದರೆ ನೀವು ಒಂದು ದಿನದ ಕೂಲಿ ಬಿಟ್ಟು, ಅಂಗಡಿ ಬಾಗಿಲು ಹಾಕಿ, ಇಲ್ಲಿ ಬಂದು ಕೂರುತ್ತಿರಲಿಲ್ಲ. ಗೊತ್ತಿರುವವರಿಗೆ ಮತ್ತೆ ಹೇಳುವುದು ಬೇಡ. ನಾನು ಬಂದಿರುವುದು ಒಂದು ವಿಷಯ ಕೇಳಿಕೊಳ್ಳುವುದಕ್ಕೆ.

ಈ ವರ್ಷ, ಅಂದರೆ 2026ರ ಡಿಸೆಂಬರ್ 13, ಭಾನುವಾರ. ಆ ರಾತ್ರಿ ಮತ್ತು ಅದರ ಮರುರಾತ್ರಿ ಆಕಾಶದಲ್ಲಿ ಮಿಥುನ ಉಲ್ಕಾವರ್ಷ ಜೋರಾಗಿರುತ್ತದೆ. ಇಂಗ್ಲಿಷ್ ಪೇಪರುಗಳಲ್ಲಿ ಜೆಮಿನಿಡ್ಸ್ ಎಂದು ಬರೆಯುತ್ತಾರೆ. ನಿಮ್ಮ ಮಕ್ಕಳನ್ನು, ಮುಖ್ಯವಾಗಿ ಹೆಣ್ಣುಮಕ್ಕಳನ್ನು, ಅದರಲ್ಲಿ ಒಂದು ರಾತ್ರಿ ನನ್ನ ಜೊತೆ ಕೆಮ್ಮಣ್ಣುಗುಂಡಿಗೆ ಕಳಿಸಿಕೊಡಿ. ದಾನಿಗಳ ಹತ್ತಿರ ಕೇಳುವುದು ಬೇರೆ ಇದೆ. ಅದನ್ನು ಕೊನೆಯಲ್ಲಿ ಹೇಳುತ್ತೇನೆ, ದಯವಿಟ್ಟು ಊಟದ ವಾಸನೆ ಬಂತೆಂದು ಎದ್ದು ಹೋಗಬೇಡಿ.

2023ರ ಡಿಸೆಂಬರಿನಲ್ಲಿ ನಾವು ಮೊದಲ ಸಲ ಹೋಗಿದ್ದೆವು. ಅಮಾವಾಸ್ಯೆಯ ಮರುದಿನ, ಚಂದ್ರನ ಕಾಟವಿಲ್ಲ. 23 ಮಕ್ಕಳು, ಅದರಲ್ಲಿ ಹೆಣ್ಣುಮಕ್ಕಳು ನಾಲ್ಕೇ ಜನ. ಆ ನಾಲ್ವರಲ್ಲಿ ಒಬ್ಬಳ ತಾಯಿಯೂ ಬಂದಿದ್ದರು, ಅದಕ್ಕೇ ಉಳಿದ ಮೂವರಿಗೆ ಅನುಮತಿ ಸಿಕ್ಕಿತ್ತು. ತರೀಕೆರೆಯಿಂದ ಲಿಂಗದಹಳ್ಳಿ ದಾಟಿ ಘಾಟಿ ಹತ್ತುವಾಗ ಇಬ್ಬರು ಹುಡುಗರಿಗೆ ವಾಂತಿ. ಮೇಲೆ ಹೋಗಿ ಇಳಿದರೆ ಹಲ್ಲು ಕಟಕಟ ಎನ್ನುವ ಚಳಿ. ತೋಟಗಾರಿಕೆ ಇಲಾಖೆಯ ವಸತಿಗೃಹದ ಅಂಗಳದಲ್ಲಿ ಇಶಾ ನಮಾಜ್ ಮುಗಿಸಿ, ಜಮಖಾನ ಹಾಸಿ, ಕಂಬಳಿ ಹೊದ್ದು ಎಲ್ಲರೂ ಅಂಗಾತ ಮಲಗಿದೆವು.

ಮೊದಲ ಅರ್ಧ ಗಂಟೆ ಏನೂ ಇಲ್ಲ. “ಟೀಚರ್, ಶುರು ಯಾವಾಗ?” ಎಂದು ಕೇಳುತ್ತಲೇ ಇದ್ದರು, ಸಿನಿಮಾ ಟಾಕೀಸಿನಲ್ಲಿ ಕುಳಿತ ಹಾಗೆ. ಆಮೇಲೆ ಒಂದು ಬಿತ್ತು, ಉದ್ದಕ್ಕೆ, ಹಳದಿ ಬೆಳಕಿನದು, ರೋಹಿಣಿ ನಕ್ಷತ್ರದ ಪಕ್ಕದಿಂದ ದಕ್ಷಿಣದ ಬೆಟ್ಟದವರೆಗೆ. ಅಷ್ಟೂ ಮಕ್ಕಳ ಬಾಯಿಂದ ಒಂದೇ ಸಲ ಸುಬ್ಹಾನಲ್ಲಾಹ್ ಬಂತು. ಅದಾದ ಮೇಲೆ ಶುರು ಯಾವಾಗ ಎಂದು ಯಾರೂ ಕೇಳಲಿಲ್ಲ. ಹನ್ನೆರಡರಿಂದ ಒಂದು ಗಂಟೆಯವರೆಗೆ ಎಣಿಕೆ ಇಟ್ಟೆವು. ಹುಡುಗಿಯರ ಗುಂಪು 61 ಎಂದಿತು. ಹುಡುಗರ ಗುಂಪು ನೂರಕ್ಕೂ ಹೆಚ್ಚು ಎಂದು ಸಾಧಿಸಿತು. ಗೆರೆ ಹಾಕಿದ ಹಾಳೆ ತೋರಿಸಿ ಎಂದರೆ ಅದರಲ್ಲಿ 38 ಗೆರೆ! ಎಷ್ಟು ನೋಡಿದೆವು ಎಂದು ಅನಿಸುವುದು ಬೇರೆ, ಎಷ್ಟು ಬರೆದಿಟ್ಟೆವು ಎನ್ನುವುದು ಬೇರೆ. ಈ ಪಾಠವನ್ನು ಮೂವತ್ತು ವರ್ಷ ತರಗತಿಯಲ್ಲಿ ಹೇಳಿದ್ದೆ, ಅಷ್ಟು ಚೆನ್ನಾಗಿ ಅರ್ಥವಾಗಿದ್ದು ಆ ರಾತ್ರಿ.

ಈ ಉಲ್ಕೆ ಎಂದರೆ ಏನು? ನಕ್ಷತ್ರ ಬೀಳುತ್ತದೆ ಎನ್ನುತ್ತೇವೆ, ಯಾವ ನಕ್ಷತ್ರವೂ ಬೀಳುವುದಿಲ್ಲ. ಧೂಮಕೇತುಗಳು ಸೂರ್ಯನ ಹತ್ತಿರ ಬಂದು ಹೋಗುವಾಗ ತಮ್ಮ ದಾರಿಯುದ್ದಕ್ಕೂ ಧೂಳು ಉದುರಿಸಿಕೊಂಡು ಹೋಗುತ್ತವೆ, ಮರಳು ಲಾರಿ ರಸ್ತೆಯ ಮೇಲೆ ಮರಳು ಚೆಲ್ಲಿಕೊಂಡು ಹೋದ ಹಾಗೆ. ನಮ್ಮ ಭೂಮಿ ವರ್ಷಕ್ಕೊಂದು ಸಲ ಆ ದಾರಿಯನ್ನು ಅಡ್ಡ ಹಾಯುತ್ತದೆ. ಆಗ ಆ ಕಣಗಳು ಗಾಳಿಗೆ ಬಡಿದು ನೆಲದಿಂದ 80–100 ಕಿಲೋಮೀಟರ್ ಎತ್ತರದಲ್ಲೇ ಉರಿದುಹೋಗುತ್ತವೆ. ನೀವು ಅಷ್ಟು ದೊಡ್ಡ ಬೆಳಕು ಕಂಡರೂ ಉರಿದದ್ದು ಬಹುಪಾಲು ಒಂದು ಮರಳಿನ ಕಣ, ದೊಡ್ಡದೆಂದರೆ ಒಂದು ಬಟಾಣಿ ಕಾಳು. ಬೆಳಕು ಬರುವುದು ಗಾತ್ರದಿಂದಲ್ಲ, ವೇಗದಿಂದ. ಮಿಥುನ ಉಲ್ಕೆಗಳು ಸೆಕೆಂಡಿಗೆ ಸುಮಾರು 35 ಕಿಲೋಮೀಟರ್ ವೇಗದಲ್ಲಿ ಬರುತ್ತವೆ. ತರೀಕೆರೆಯಿಂದ ಕೆಮ್ಮಣ್ಣುಗುಂಡಿಗೆ ನಮ್ಮ ವ್ಯಾನು ಗಂಟೆಗಿಂತ ಹೆಚ್ಚು ತೆಗೆದುಕೊಂಡಿತು. ಅಷ್ಟು ದೂರ ಅವಕ್ಕೆ ಒಂದು ಸೆಕೆಂಡಿನ ಕೆಲಸ.

ಮಿಥುನ ರಾಶಿಯಲ್ಲಿ ಪುನರ್ವಸುವಿನ ಎರಡು ನಕ್ಷತ್ರಗಳಿವೆಯಲ್ಲ, ಅವುಗಳ ಹತ್ತಿರದಿಂದ ಇವು ಹೊರಟಂತೆ ಕಾಣುತ್ತದೆ. ನಿಜವಾಗಿ ಅಲ್ಲಿಂದ ಬರುವುದಲ್ಲ. ಮಳೆಯಲ್ಲಿ ಬಸ್ಸಿನ ಮುಂದಿನ ಸೀಟಿನಲ್ಲಿ ಕುಳಿತರೆ ಹನಿಗಳೆಲ್ಲ ಎದುರಿನ ಒಂದೇ ಕಡೆಯಿಂದ ಹರಡಿಕೊಂಡು ಬಂದಂತೆ ಕಾಣುತ್ತದೆ, ಹಾಗೆ. ಈ ಉಲ್ಕಾವರ್ಷದ ಇನ್ನೊಂದು ವಿಶೇಷ, ಇದರ ಮೂಲ ಮಾಮೂಲಿ ಧೂಮಕೇತುವಲ್ಲ. 1983ರಲ್ಲಿ ಒಂದು ಉಪಗ್ರಹದ ಮೂಲಕ ಫೇತಾನ್ ಎಂಬ ಕ್ಷುದ್ರಗ್ರಹ ಪತ್ತೆಯಾಯಿತು, ಇವು ಅದರ ಪುಡಿ. ಅದು ಸುಮಾರು ಒಂದೂವರೆ ವರ್ಷಕ್ಕೊಮ್ಮೆ ಸೂರ್ಯನನ್ನು ಸುತ್ತುತ್ತದೆ, ಸೂರ್ಯನಿಗೆ ಬುಧಗ್ರಹಕ್ಕಿಂತಲೂ ಹತ್ತಿರ ಹೋಗಿ ಬರುತ್ತದೆ. ಬಂಡೆಯಂಥ ವಸ್ತುವಿನಿಂದ ಇಷ್ಟು ಪುಡಿ ಹೇಗೆ ಉದುರಿತು ಎಂಬುದನ್ನು ವಿಜ್ಞಾನಿಗಳು ಇನ್ನೂ ಚರ್ಚಿಸುತ್ತಿದ್ದಾರೆ. ಮಕ್ಕಳೇ, ಎಲ್ಲವನ್ನೂ ಯಾರೋ ಆಗಲೇ ಕಂಡುಹಿಡಿದಿದ್ದಾರೆ ಎಂದುಕೊಳ್ಳಬೇಡಿ.

ಒಬ್ಬ ಹುಡುಗ ಅಂದು ರಾತ್ರಿ ಒಳ್ಳೆಯ ಪ್ರಶ್ನೆ ಕೇಳಿದ: “ಟೀಚರ್, ಇಲ್ಲಿನ ಮಣ್ಣು ಕೆಂಪಗಿರುವುದು ಉಲ್ಕೆಗಳ ಕಬ್ಬಿಣದಿಂದಲೇ?” ಅಲ್ಲ. ಬಾಬಾಬುಡನ್‌ಗಿರಿ ಸಾಲಿನ ಕಬ್ಬಿಣದ ಅದಿರು ಇನ್ನೂರು ಕೋಟಿ ವರ್ಷಕ್ಕಿಂತ ಹಳೆಯದು, ಪುರಾತನ ಸಮುದ್ರದ ತಳದಲ್ಲಿ ಪದರ ಪದರವಾಗಿ ಕೂತದ್ದು. ಅದೇ ಅದಿರು ಕೆಮ್ಮಣ್ಣುಗುಂಡಿಯಿಂದ ಭದ್ರಾವತಿಯ ಕಾರ್ಖಾನೆಗೆ ಹೋಗುತ್ತಿತ್ತು. ಇಲ್ಲಿ ಕುಳಿತ ಕೆಲವರ ಅಜ್ಜಂದಿರು ಅಲ್ಲಿ ದುಡಿದವರೇ. ಉಲ್ಕಾಶಿಲೆ ನೆಲಕ್ಕೆ ಬೀಳುವುದೂ ಉಂಟು, ಆದರೆ ಅಪರೂಪ. 1865ರಲ್ಲಿ ಮದ್ದೂರಿನ ಕಡೆ, 1866ರಲ್ಲಿ ಉಡುಪಿಯ ಕಡೆ ಬಿದ್ದ ಕಲ್ಲುಗಳು ದಾಖಲೆಯಲ್ಲಿವೆ. ನಾವು ಡಿಸೆಂಬರಿನಲ್ಲಿ ನೋಡುವ ಉಲ್ಕೆಗಳು ನೆಲ ಮುಟ್ಟುವುದಿಲ್ಲ. ತಾಯಂದಿರು ಇದನ್ನು ಗಮನಿಸಿ, ತಲೆಯ ಮೇಲೆ ಬೀಳುತ್ತದೆಂಬ ಭಯ ಬೇಡ.

ಡಿಸೆಂಬರೇ ಯಾಕೆ? ವರ್ಷದಲ್ಲಿ ಉಲ್ಕಾವರ್ಷ ಹಲವಾರು ಇವೆ. ಪುಸ್ತಕಗಳಲ್ಲಿ ಹೆಚ್ಚು ಹೊಗಳುವುದು ಆಗಸ್ಟ್ 12–13ರ ಪರ್ಸೀಡ್ಸನ್ನು. ಯೂರೋಪಿನವರು ಬರೆದ ಪುಸ್ತಕ, ಅವರಿಗೆ ಆಗ ಬೇಸಿಗೆ. ನಮಗೆ ಆಗ ಆಶ್ಲೇಷ ಮಳೆ. ಆ ದಿನ ಕೆಮ್ಮಣ್ಣುಗುಂಡಿಯಲ್ಲಿ ಎದುರಿಗೆ ನಿಂತವರ ಮುಖ ಕಂಡರೆ ದೊಡ್ಡದು. ಅಕ್ಟೋಬರ್ 21ರ ಸುಮಾರಿನದು ಹ್ಯಾಲಿ ಧೂಮಕೇತುವಿನ ಧೂಳು, ಹಿಂಗಾರು ಬಿಟ್ಟರೆ ಸಿಗುತ್ತದೆ. ಮಲೆನಾಡಿನವರ ಪಾಲಿಗೆ ಮಳೆ ನಿಂತು ಆಕಾಶ ತೊಳೆದಿಟ್ಟಂತಿರುವ ಡಿಸೆಂಬರೇ ಸರಿ. ಗಂಟೆಗೆ ನೂರಕ್ಕೂ ಹೆಚ್ಚು ಎಂದು ಬರೆದಿರುತ್ತಾರೆ. ಅದು ಕಗ್ಗತ್ತಲಲ್ಲಿ, ಪುನರ್ವಸು ನೆತ್ತಿಯ ಮೇಲಿದ್ದಾಗಿನ ಲೆಕ್ಕ. ಒಬ್ಬರ ಕಣ್ಣಿಗೆ ನಲವತ್ತು ಐವತ್ತು ಸಿಕ್ಕರೆ ಧಾರಾಳ.

ಚಂದ್ರನಿದ್ದರೆ ಮುಕ್ಕಾಲು ಪಾಲು ಉಲ್ಕೆಗಳು ಮಂಕಾಗುತ್ತವೆ. 2024ರಲ್ಲಿ ನಾವು ಹೋಗದಿದ್ದುದು ಅದಕ್ಕೇ, ಹುಣ್ಣಿಮೆಗೆ ಹತ್ತಿರ ಬಿದ್ದಿತ್ತು. ಇದನ್ನು ತಿಳಿಯುವುದಕ್ಕೆ ನಮ್ಮ ಮನೆಗಳಲ್ಲಿ ಯಾವ ಆ್ಯಪೂ ಬೇಡ. ಗೋಡೆಯ ಮೇಲಿನ ಹಿಜ್ರಿ ಕ್ಯಾಲೆಂಡರ್ ಸಾಕು. ಚಾಂದ್ ಒಂದರಿಂದ ಐದರವರೆಗೆ ಚಂದ್ರ ಬೇಗ ಮುಳುಗುತ್ತಾನೆ, ಹದಿಮೂರು ಹದಿನಾಲ್ಕು ಹದಿನೈದಕ್ಕೆ ರಾತ್ರಿಯಿಡೀ ಇರುತ್ತಾನೆ, ಇಪ್ಪತ್ತೈದರ ನಂತರ ಬೆಳಗಿನ ಜಾವಕ್ಕೆ ಬರುತ್ತಾನೆ. ಈ ವರ್ಷ ಡಿಸೆಂಬರ್ 13 ಬರುವುದು ರಜಬ್ ತಿಂಗಳ ಮೊದಲ ವಾರದಲ್ಲಿ. ರಾತ್ರಿ ಹತ್ತರ ಹೊತ್ತಿಗೆ ಆಕಾಶ ಪೂರ್ತಿ ನಮ್ಮದು.

ಇನ್ನೊಂದು ವಿಷಯ. ರಮಜಾನಿನಲ್ಲಿ ಸೆಹ್ರಿ ಯಾವಾಗ ಮುಗಿಯುತ್ತದೆ ಎಂದು ಕಲಿಸುವಾಗ ನಮ್ಮ ಹಿರಿಯರು ಎರಡು ಬೆಳಗು ಹೇಳಿಕೊಟ್ಟಿದ್ದಾರೆ: ಸುಬ್ಹ್ ಕಾಜಿಬ್, ಸುಳ್ಳು ಬೆಳಗು, ಸುಬ್ಹ್ ಸಾದಿಕ್, ನಿಜ ಬೆಳಗು. ಸುಳ್ಳು ಬೆಳಗು ಪೂರ್ವದಲ್ಲಿ ನೆಟ್ಟಗೆ, ತೋಳದ ಬಾಲದ ಹಾಗೆ ಮೇಲಕ್ಕೆ ಎದ್ದು ನಿಲ್ಲುತ್ತದೆ. ನಿಜ ಬೆಳಗು ದಿಗಂತದಲ್ಲಿ ಅಡ್ಡಡ್ಡ ಹರಡುತ್ತದೆ. ಆ ಸುಳ್ಳು ಬೆಳಗು ಏನು ಗೊತ್ತೇ? ಗ್ರಹಗಳ ನಡುವೆ ಹರಡಿರುವ ಸಣ್ಣ ಧೂಳಿನ ಮೇಲೆ ಬಿದ್ದ ಸೂರ್ಯನ ಬೆಳಕು. ಆ ಧೂಳಿನ ಬಹುಪಾಲು ಧೂಮಕೇತುಗಳೂ ಕ್ಷುದ್ರಗ್ರಹಗಳೂ ಬಿಟ್ಟುಹೋದದ್ದು. ಊರಲ್ಲಿ ಬೀದಿದೀಪದ ಕೆಳಗೆ ಅದು ಕಾಣುವ ಮಾತೇ ಇಲ್ಲ, ನನ್ನ ವಯಸ್ಸಿನವರಲ್ಲೂ ನೋಡಿದವರು ಕಡಿಮೆ. ಕೆಮ್ಮಣ್ಣುಗುಂಡಿಯಲ್ಲಿ ಉತ್ತರಕ್ಕೆ ಭದ್ರಾವತಿ, ಪೂರ್ವಕ್ಕೆ ಬೀರೂರು ಕಡೂರುಗಳ ದೀಪದ ಮಬ್ಬು ಈಗ ಹೆಚ್ಚಾಗಿದೆ. ಆದರೂ ಬಯಲಿನ ಊರುಗಳಿಗಿಂತ ಎಷ್ಟೋ ಮೇಲು. ಪಶ್ಚಿಮಕ್ಕೆ ತಿರುಗಿದರೆ ಕಾಡು, ಕತ್ತಲು.

ಈಗ ಧೂಮಕೇತು. ನಮ್ಮ ಮನೆಗಳಲ್ಲಿ ದುಮ್‌ದಾರ್ ಸಿತಾರಾ ಎನ್ನುತ್ತಾರೆ, ಅಕ್ಕಪಕ್ಕದ ಮನೆಗಳಲ್ಲಿ ಬಾಲಚುಕ್ಕಿ. ನನ್ನ ದಾದಿ 1910ರಲ್ಲಿ ಹ್ಯಾಲಿ ಧೂಮಕೇತು ನೋಡಿದವರು, ಆಗ ಚಿಕ್ಕ ಹುಡುಗಿ. ಆ ಬಾಲಚುಕ್ಕಿ ಬಂದದ್ದರಿಂದಲೇ ಇನ್‌ಫ್ಲುಯೆಂಜಾ ಬಂದು ಮನೆಯಲ್ಲಿ ಮೂರು ಜನ ಹೋದರು ಎಂದು ಸಾಯುವತನಕ ಹೇಳುತ್ತಿದ್ದರು. ಇನ್‌ಫ್ಲುಯೆಂಜಾ ಬಂದದ್ದು 1918ರಲ್ಲಿ. ಎಂಟು ವರ್ಷದ ಅಂತರ! ದುಃಖಕ್ಕೆ ಒಂದು ಕಾರಣ ಬೇಕಲ್ಲ, ಆಕಾಶ ಜಗಳಕ್ಕೆ ಬರುವುದಿಲ್ಲ.

ದಾದಿಯನ್ನು ಹಾಸ್ಯ ಮಾಡಲು ಇದನ್ನು ಹೇಳಿದ್ದಲ್ಲ. ದೊಡ್ಡ ದೊಡ್ಡ ದರ್ಬಾರುಗಳಲ್ಲೂ ಇದೇ ಆಗಿದೆ. 1577ರಲ್ಲಿ ಇಸ್ತಾಂಬುಲಿನಲ್ಲಿ ತಕಿಯುದ್ದೀನ್ ಎಂಬ ಖಗೋಳಜ್ಞರು ಸುಲ್ತಾನ್ ಮೂರನೇ ಮುರಾದನ ಆಶ್ರಯದಲ್ಲಿ ಅಂದಿನ ಕಾಲಕ್ಕೆ ಅತ್ಯುತ್ತಮ ಉಪಕರಣಗಳಿದ್ದ ವೀಕ್ಷಣಾಲಯ ಕಟ್ಟಿದರು. ಅದೇ ವರ್ಷ ಒಂದು ದೊಡ್ಡ ಧೂಮಕೇತು ಬಂತು. ಇದು ಶುಭ, ಸುಲ್ತಾನರಿಗೆ ಜಯ ಎಂದು ಅವರಿಂದ ಭವಿಷ್ಯ ಹೇಳಿಸಲಾಯಿತು. ಬಂದದ್ದು ಪ್ಲೇಗು. ವಿರೋಧಿಗಳು ಅದನ್ನೇ ಹಿಡಿದುಕೊಂಡರು, 1580ರಲ್ಲಿ ವೀಕ್ಷಣಾಲಯವನ್ನೇ ಕೆಡವಿ ಹಾಕಿದರು. ಅದೇ ಧೂಮಕೇತುವನ್ನು ಡೆನ್ಮಾರ್ಕಿನಲ್ಲಿ ಟೈಕೋ ಬ್ರಾಹೆ ಅಳೆದು, ಅದು ಚಂದ್ರನಿಗಿಂತ ಬಹಳ ದೂರದಲ್ಲಿದೆ ಎಂದು ತೋರಿಸಿದರು. ಅಲ್ಲಿಯವರೆಗೆ ಧೂಮಕೇತು ನಮ್ಮ ಗಾಳಿಯಲ್ಲಿನ ಹೊಗೆ ಎಂದೇ ನಂಬಿದ್ದರು. ಒಂದೇ ಚುಕ್ಕಿ, ಎರಡು ಊರು. ಒಂದು ಕಡೆ ಭವಿಷ್ಯ ಕೇಳಿದರು, ಇನ್ನೊಂದು ಕಡೆ ದೂರ ಎಷ್ಟು ಎಂದು ಕೇಳಿದರು.

ನಮಗಂತೂ ಶಕುನ ನೋಡುವುದಕ್ಕೆ ಯಾವ ನೆಪವೂ ಇಲ್ಲ. ಪ್ರವಾದಿಯವರ (ಸ) ಎಳೆಯ ಮಗ ಇಬ್ರಾಹೀಮ್ ತೀರಿಕೊಂಡ ದಿನ ಸೂರ್ಯಗ್ರಹಣವಾಯಿತು. ಆ ದುಃಖದಿಂದಲೇ ಗ್ರಹಣ ಎಂದು ಜನ ಮಾತಾಡಿಕೊಂಡರು. ಯಾರ ಸಾವಿಗಾಗಿಯೂ ಹುಟ್ಟಿಗಾಗಿಯೂ ಸೂರ್ಯಚಂದ್ರರಿಗೆ ಗ್ರಹಣ ಹಿಡಿಯುವುದಿಲ್ಲ ಎಂದು ಅವರೇ ತಿದ್ದಿದರು. ಮಗನನ್ನು ಮಣ್ಣು ಮಾಡಿದ ದಿನ ಹೇಳಿದ ಮಾತು ಅದು. ಹಾಗಿರುವಾಗ ಗ್ರಹಣದ ದಿನ ಬಸುರಿ ಹೆಣ್ಣುಮಕ್ಕಳನ್ನು ಕತ್ತಲೆ ಕೋಣೆಯಲ್ಲಿ ಕೂರಿಸುವುದು, ಚಾಕು ಮುಟ್ಟಬೇಡ ಎನ್ನುವುದು ನಮ್ಮ ಬೀದಿಗಳಲ್ಲಿ ಇನ್ನೂ ನಡೆದಿದೆ.

ನನ್ನ ಮಟ್ಟಿಗೆ, 1986ರಲ್ಲಿ ಹ್ಯಾಲಿ ಬಂದಾಗ ನನಗೆ 25 ವರ್ಷ. ಬೆಳಗಿನ ಜಾವ ಎದ್ದು ನೋಡಿದರೆ ಹತ್ತಿಯ ಎಳೆಯಂತೆ ಮಬ್ಬು, ಅಷ್ಟೆ. ಪೇಪರಿನವರು ಮಾಡಿದ ಗದ್ದಲಕ್ಕೆ ಅದು ಏನೇನೂ ಅಲ್ಲ. 1997ರ ಹೇಲ್–ಬಾಪ್ ಮಾತ್ರ ಮರೆಯುವಂಥದ್ದಲ್ಲ. ಮಾರ್ಚ್ ಕೊನೆ, ಏಪ್ರಿಲ್ ಮೊದಲು, ಮಗ್ರಿಬ್ ಆದ ಮೇಲೆ ವಾಯವ್ಯದಲ್ಲಿ, ಬರಿಗಣ್ಣಿಗೆ, ಬಾಲ ಸಮೇತ. ಎಸ್ಸೆಸ್ಸೆಲ್ಸಿ ಪರೀಕ್ಷೆಯ ಕಾಲ. ಓದುವ ಮಕ್ಕಳನ್ನು ಹೊರಗೆ ಕರೆದು ತೋರಿಸಿದ್ದಕ್ಕೆ ಕೆಲವು ಪಾಲಕರು ನನ್ನ ಮೇಲೆ ಸಿಟ್ಟಾಗಿದ್ದರು. 2020ರ ನಿಯೋವೈಸ್ ಕೊರೋನಾ ಮತ್ತು ಮುಂಗಾರು ಮೋಡ ಸೇರಿ ನಮಗೆ ತಪ್ಪಿತು. 2024ರ ಅಕ್ಟೋಬರಿನಲ್ಲಿ ಸುಚಿನ್ಶಾನ್–ಅಟ್ಲಾಸ್ ಬಂದದ್ದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಹ್ಯಾಲಿ ಮತ್ತೆ ಬರುವುದು 2061ರಲ್ಲಿ. ನಾನು ಇರುವುದಿಲ್ಲ. ಇಲ್ಲಿ ಕುಳಿತಿರುವ ಹದಿನಾರರ ಮಕ್ಕಳಿಗೆ ಆಗ 51 ವರ್ಷ.

ದಾನಿಗಳೇ, ಈಗ ನಿಮ್ಮ ವಿಷಯ. ಹೈದರಾಬಾದಿನಲ್ಲಿ ನವಾಬ್ ಜಫರ್ ಜಂಗ್ ಎಂಬ ಶ್ರೀಮಂತರಿದ್ದರು. ಅವರಿಗೆ ಆಕಾಶದ ಹುಚ್ಚು. 1901ರಲ್ಲಿ ಸ್ವಂತ ಹಣದಿಂದ ದೊಡ್ಡ ದೂರದರ್ಶಕ ತರಿಸಿ ವೀಕ್ಷಣಾಲಯ ಆರಂಭಿಸಿದರು. ಅವರ ನಂತರ ಅದು ಸಂಸ್ಥಾನದ ಸರ್ಕಾರಕ್ಕೆ ಸೇರಿ ನಿಜಾಮಿಯಾ ವೀಕ್ಷಣಾಲಯವಾಗಿ ಬೆಳೆಯಿತು. ನಮ್ಮ ಕಲಬುರಗಿ, ಬೀದರ್, ರಾಯಚೂರು ಎಲ್ಲ ಆಗ ಆ ಸಂಸ್ಥಾನದಲ್ಲೇ ಇದ್ದವು. ಆ ವೀಕ್ಷಣಾಲಯದಲ್ಲಿ ಕೆಲಸಕ್ಕಿದ್ದ ಒಬ್ಬರ ಮಗ ದೂರದರ್ಶಕಗಳ ನಡುವೆಯೇ ಬೆಳೆದ. 1927ರಲ್ಲಿ ಹುಟ್ಟಿದ ಹುಡುಗ, ಹೆಸರು ವೇಣು ಬಾಪು. ಹೈದರಾಬಾದ್ ಸರ್ಕಾರದ ವಿದ್ಯಾರ್ಥಿವೇತನ ಪಡೆದು ಅಮೆರಿಕದ ಹಾರ್ವರ್ಡಿಗೆ ಓದಲು ಹೋದ. ಹೋದ ವರ್ಷವೇ, 1949ರಲ್ಲಿ, ಆಕಾಶದ ಒಂದು ಫೋಟೋ ಪ್ಲೇಟಿನಲ್ಲಿ ಹೊಸ ಧೂಮಕೇತುವನ್ನು ಗುರುತಿಸಿದ. ಅದಕ್ಕೆ ಬಾಪು–ಬೋಕ್–ನ್ಯೂಕರ್ಕ್ ಎಂದು ಹೆಸರಾಯಿತು. ಬೋಕ್ ಅವರ ಗುರು, ನ್ಯೂಕರ್ಕ್ ಜೊತೆಗಾರ.

ಅವರು ಅಮೆರಿಕದಲ್ಲೇ ಉಳಿಯಬಹುದಿತ್ತು, ವಾಪಸು ಬಂದರು. ಕೊಡೈಕೆನಾಲಿನ ವೀಕ್ಷಣಾಲಯ ನಡೆಸಿದರು, ತಮಿಳುನಾಡಿನ ಜವಾದಿ ಬೆಟ್ಟದಲ್ಲಿ ಕವಲೂರು ವೀಕ್ಷಣಾಲಯ ಕಟ್ಟಿದರು. ಬೆಂಗಳೂರಿನ ಕೋರಮಂಗಲದಲ್ಲಿರುವ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್ ಅವರ ಶ್ರಮದಿಂದ ಎದ್ದ ಸಂಸ್ಥೆ. ಕವಲೂರಿನ 2.34 ಮೀಟರ್ ದೂರದರ್ಶಕಕ್ಕೆ ಅವರದೇ ಹೆಸರು. ಅದು ಮುಗಿಯುವುದನ್ನು ಅವರು ನೋಡಲಿಲ್ಲ, 1982ರಲ್ಲೇ ತೀರಿಕೊಂಡರು. ಜಫರ್ ಜಂಗ್ ಅವರಂತೂ ಬಾಪು ಹುಟ್ಟುವ ಮೊದಲೇ ಹೋಗಿದ್ದರು. ತಮ್ಮ ದೂರದರ್ಶಕ ಎಲ್ಲಿಗೆ ತಲುಪಿತು ಎಂದು ಅವರಿಗೆ ಗೊತ್ತೇ ಆಗಲಿಲ್ಲ.

ನಮ್ಮ ಟ್ರಸ್ಟಿಗೆ ದೂರದರ್ಶಕ ಬೇಡ. ಉಲ್ಕೆ ನೋಡಲು ಅದರಿಂದ ಉಪಯೋಗವೂ ಇಲ್ಲ, ಅದು ತೋರಿಸುವುದು ಆಕಾಶದ ಒಂದು ಚೂರನ್ನು ಮಾತ್ರ. ನಾನು ಕೇಳುವುದು ಇನ್ನೊಂದು. ಅಂದು ಬಂದಿದ್ದ ನಾಲ್ವರು ಹುಡುಗಿಯರಲ್ಲಿ ಇಬ್ಬರಿಗೆ ಪಿಯುಸಿಯಲ್ಲಿ ವಿಜ್ಞಾನ ಓದುವ ಆಸೆ ಇತ್ತು. ಒಬ್ಬಳು ಓದಿದಳು, ಈಗ ಬಿ.ಎಸ್ಸಿ. ಇನ್ನೊಬ್ಬಳು, 61ರ ಪಟ್ಟಿ ಬರೆದವಳೇ, ಕಲಾ ವಿಭಾಗ ಸೇರಿದಳು. ಕಲಾ ವಿಭಾಗ ಕಡಿಮೆ ಎಂದು ನಾನು ಹೇಳುವುದಿಲ್ಲ, ಅವಳೇ ಆರಿಸಿಕೊಂಡಿದ್ದರೆ ಸಂತೋಷಪಡುತ್ತಿದ್ದೆ. ಹತ್ತಿರದ ಕಾಲೇಜಿನಲ್ಲಿ ವಿಜ್ಞಾನವಿಲ್ಲ. ವಿಜ್ಞಾನವಿರುವ ಕಾಲೇಜಿಗೆ ಎರಡು ಬಸ್ಸು, ಪ್ರಾಕ್ಟಿಕಲ್ ಮುಗಿಸಿ ಬರುವಾಗ ಕತ್ತಲು. ನಮ್ಮ ವಿದ್ಯಾರ್ಥಿವೇತನ ಫೀಸಿಗೆ ಸಾಕಾಗುತ್ತದೆ. ದಾರಿಗೆ ಸಾಕಾಗುವುದಿಲ್ಲ, ಹಾಸ್ಟೆಲಿಗೂ ಸಾಕಾಗುವುದಿಲ್ಲ. ವಿಜ್ಞಾನ ತೆಗೆದುಕೊಳ್ಳುವ ಹೆಣ್ಣುಮಕ್ಕಳಿಗೆ ಪ್ರಯಾಣ ಮತ್ತು ಹಾಸ್ಟೆಲ್ ಖರ್ಚನ್ನು ಪ್ರತ್ಯೇಕವಾಗಿ ಕೊಡುವ ಒಂದು ನಿಧಿ ಈ ವರ್ಷವೇ ಆಗಬೇಕು. ನನ್ನ ಪಿಂಚಣಿಯಿಂದ ಒಂದು ತಿಂಗಳ ಹಣವನ್ನು ಕಾರ್ಯದರ್ಶಿಗಳ ಕೈಗೆ ಆಗಲೇ ಕೊಟ್ಟಿದ್ದೇನೆ, ರಸೀದಿಯೂ ತೆಗೆದುಕೊಂಡಿದ್ದೇನೆ.

ಅಂದು ಒಬ್ಬ ತಂದೆ ನನ್ನನ್ನು ಕೇಳಿದರು, “ಟೀಚರಮ್ಮ, ಇದನ್ನೆಲ್ಲ ನೋಡಿದರೆ ಕೆಲಸ ಸಿಗುತ್ತದೆಯೇ?” ಸಿಗುವುದಿಲ್ಲ. ಉಲ್ಕೆ ಎಣಿಸಿದವರಿಗೆ ಯಾರೂ ಸಂಬಳ ಕೊಡುವುದಿಲ್ಲ, ಖಗೋಳ ವಿಜ್ಞಾನದ ಹುದ್ದೆಗಳು ದೇಶದಲ್ಲೇ ಕಡಿಮೆ. ನಿಮಗೆ ಸುಳ್ಳು ಆಸೆ ಹುಟ್ಟಿಸಲಾರೆ. ಆದರೆ ಭೌತಶಾಸ್ತ್ರ, ಗಣಿತ ಓದಿದ ಹುಡುಗಿಗೆ ಬಿ.ಎಡ್ ಇದೆ, ಲ್ಯಾಬ್ ಇದೆ, ಕಂಪ್ಯೂಟರ್ ಇದೆ. ನನ್ನ ಮನೆ ನಡೆದದ್ದು ಆ ಬಿ.ಎಡ್‌ನಿಂದಲೇ.

ಮತ್ತೆ ಡಿಸೆಂಬರಿನ ವಿಷಯ ಮುಗಿಸುತ್ತೇನೆ. ಹೆಣ್ಣುಮಕ್ಕಳ ಜೊತೆ ತಾಯಿ, ಖಾಲಾ, ಫೂಫಿ, ಯಾರು ಬೇಕಾದರೂ ಬರಬಹುದು, ವ್ಯಾನಿನಲ್ಲಿ ಅವರಿಗೆ ಜಾಗ ತೆಗೆದಿಟ್ಟಿದ್ದೇವೆ. ಮಲಗುವ ಕೋಣೆ ಬೇರೆ ಬೇರೆ. ಸುತ್ತ ಕಾಡು, ಕಾಡುಪ್ರಾಣಿಗಳಿವೆ. ಆದ್ದರಿಂದ ವಸತಿಗೃಹದ ಅಂಗಳ ದಾಟಿ ಯಾರೂ ಹೋಗುವಂತಿಲ್ಲ, ಝೆಡ್ ಪಾಯಿಂಟ್ ಬೆಳಗಾದ ಮೇಲೆಯೇ. ಒಬ್ಬರಿಗೆ ಎರಡು ಕಂಬಳಿ, ಉಣ್ಣೆ ಟೊಪ್ಪಿ, ಕಾಲುಚೀಲ. ಟಾರ್ಚ್ ತಂದರೆ ಗಾಜಿನ ಮೇಲೆ ಕೆಂಪು ಕಾಗದ ಅಂಟಿಸಿ, ಕೆಂಪು ಬೆಳಕಿಗೆ ಕಣ್ಣು ಕತ್ತಲೆಯನ್ನು ಮರೆಯುವುದಿಲ್ಲ. ಮೊಬೈಲ್ ಒಮ್ಮೆ ನೋಡಿದರೆ ಕಣ್ಣು ಮತ್ತೆ ಹದಕ್ಕೆ ಬರಲು ಇಪ್ಪತ್ತು ನಿಮಿಷ ಬೇಕು, ಹಾಗಾಗಿ ಮೊಬೈಲುಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿ ನಾನೇ ಇಟ್ಟುಕೊಳ್ಳುತ್ತೇನೆ. ಎಲ್ಲರೂ ಒಂದೇ ಕಡೆ ನೋಡಬೇಡಿ, ನಾಲ್ಕು ದಿಕ್ಕಿಗೆ ನಾಲ್ಕು ಗುಂಪು. ನೋಟ್‌ಬುಕ್ಕು, ಪೆನ್ಸಿಲ್ಲು ಕಡ್ಡಾಯ, ಚಳಿಗೆ ಪೆನ್ನು ಬರೆಯುವುದಿಲ್ಲ. ಇಂಟರ್‌ನ್ಯಾಷನಲ್ ಮೀಟಿಯರ್ ಆರ್ಗನೈಸೇಶನ್ ಎಂಬ ಸಂಸ್ಥೆ ನಮ್ಮಂಥ ಹವ್ಯಾಸಿಗಳ ಎಣಿಕೆಯನ್ನೂ ತೆಗೆದುಕೊಳ್ಳುತ್ತದೆ. ಈ ಸಲ ಸಮಯ, ದಿಕ್ಕು, ಮೋಡ ಎಷ್ಟಿತ್ತು ಎಂಬುದನ್ನೆಲ್ಲ ಸರಿಯಾಗಿ ಬರೆದು ಕಳಿಸೋಣ. ಗೆರೆ ಇಲ್ಲದ ಉಲ್ಕೆಗೆ ಲೆಕ್ಕವಿಲ್ಲ, ಹುಡುಗರು ಕೇಳಿಸಿಕೊಳ್ಳಿ.

ಮೋಡ ಬಂದರೆ 14ರ ರಾತ್ರಿಗೆ ಬದಲಾಗುತ್ತದೆ, ಶಾಲಾ ಕಾಲೇಜಿನ ರಜೆ ಚೀಟಿ ಎರಡು ದಿನಕ್ಕೂ ಬರೆಸಿಟ್ಟುಕೊಳ್ಳಿ. ಹೆಸರು ಬರೆಸುವ ರಿಜಿಸ್ಟರ್ ಹಿಂದಿನ ಮೇಜಿನ ಮೇಲೆ, ವಿದ್ಯಾರ್ಥಿವೇತನದ ಅರ್ಜಿಗಳ ಪಕ್ಕದಲ್ಲೇ ಇದೆ. ನವೆಂಬರ್ ಕೊನೆಯವರೆಗೆ ಬರೆಸಬಹುದು. ಜುಜಾಕಲ್ಲಾಹು ಖೈರ್ ಎಂದು ತಪ್ಪಾಗಿ ಬರೆಯುವ ಮಕ್ಕಳಿದ್ದಾರೆ, ಅದು ಜಝಾಕಲ್ಲಾಹು ಖೈರನ್. ಟೀಚರ್ ಅಭ್ಯಾಸ, ಹೋಗುವುದಿಲ್ಲ.